ಎಂಟು ಗೋಲು, ಇಪ್ಪತ್ತು ಗೋಲು

ವ್ಯಾಂಕೂವರಿಗೆ ಕೆಲಸಕ್ಕೆ ಬಂದ ಹೊಸದರಲ್ಲಿ ನಾನು ಕಲಿತ ಸ್ಥಳೀಯ ಬೈಗುಳಗಳಲ್ಲಿ ಅರ್ಧಕ್ಕರ್ಧ ಒಬ್ಬನೇ ಮನುಷ್ಯನ ಮೇಲೆ ಪ್ರಯೋಗವಾಗುತ್ತಿದ್ದವು. ಹೆಸರು ರಾಬರ್ಟೊ ಲುವಾಂಗೊ, ಊರಿನ ಐಸ್ ಹಾಕಿ ಟೀಮು ಕನಕ್ಸ್‌ನ ಗೋಲ್ ಕೀಪರ್. ಗೋಲ್ ಕೀಪರಿಗೆ ಇಲ್ಲಿನವರು 'ಗೋಲಿ' ಅಂತಾರೆ. ಬೇಸಿಗೆ ರಜೆಯಲ್ಲಿ ಮಣ್ಣಲ್ಲಿ ಕುಳಿ ತೋಡಿ ಆಡ್ತಿದ್ದ ಗೋಲಿ ನೆನಪಾಗಿ ನಾನು ಮೊದಮೊದಲು ಒಳಗೊಳಗೇ ನಗ್ತಿದ್ದೆ. ಅವನು ಒಳ್ಳೆ ಹೊಡೆತವೊಂದನ್ನು ತಡೆದಾಗ ಹದಿನೆಂಟು ಸಾವಿರ ಜನ ಒಟ್ಟಿಗೆ "ಲೂ..." ಅಂತ ಎಳೆದು ಕೂಗ್ತಿದ್ದರು. ಹೊಸಬರಿಗೆ ಅದು "ಬೂ" ಅಂತ ಕೇಳಿಸ್ತಿತ್ತು. ಸೋತ ದಿನಗಳಲ್ಲಿ ಹಳಬರಿಗೂ ವ್ಯತ್ಯಾಸ ಗೊತ್ತಾಗ್ತಿರಲಿಲ್ಲ.

ಹೋಲಿಕೆ ಅನ್ನೋದು ಎಲ್ಲ ಆಟದಲ್ಲೂ ಇದ್ದದ್ದೇ. ಸಚಿನ್ನಾ ಲಾರಾನಾ ಅಂತ ಜಗಳ ಆಡಿಕೊಂಡೇ ಹಾಸ್ಟೆಲಿನಲ್ಲಿ ಡಿಗ್ರಿ ಮುಗಿಸಿದವರು ನಾವು. ಆದರೆ ಆ ಜಗಳಕ್ಕೆ ಹತ್ತಿಪ್ಪತ್ತು ವರ್ಷದ ಸ್ಕೋರ್‌ಕಾರ್ಡಿನ ಆಧಾರ ಇತ್ತು. ಐಸ್ ಹಾಕಿಯ ಗೋಲಿಗಳನ್ನು ಜನ ಪ್ಲೇಆಫ್‌ನಲ್ಲಿ ತೂಗುತ್ತಾರೆ, ಅದರಲ್ಲೂ ಫೈನಲ್ಲಿನ ಏಳೇ ಏಳು ಪಂದ್ಯಗಳಲ್ಲಿ. 2011ರ ಜೂನ್‌ನಲ್ಲಿ ಸ್ಟ್ಯಾನ್ಲಿ ಕಪ್ ಫೈನಲ್ಲಿಗೆ ಬಂದದ್ದು ನಮ್ಮ ವ್ಯಾಂಕೂವರ್ ಮತ್ತು ಬಾಸ್ಟನ್ ಬ್ರೂಯಿನ್ಸ್. ನಮ್ಮ ಕಡೆ ಲುವಾಂಗೊ, ಅವರ ಕಡೆ ಟಿಮ್ ಥಾಮಸ್. ಬಾಸ್ಟನ್ 4-3ರಲ್ಲಿ ಗೆದ್ದಿತು. ಥಾಮಸ್ ಏಳು ಪಂದ್ಯಗಳಲ್ಲಿ ಬಿಟ್ಟದ್ದು 8 ಗೋಲು, ಲುವಾಂಗೊ ಬಿಟ್ಟದ್ದು 20. ಈ ಊರಿನಲ್ಲಿ ಯಾರನ್ನೇ ಕೇಳಿ, ಇವೆರಡು ಅಂಕಿ ಹೇಳಿ ಮಾತು ಮುಗಿಸ್ತಾರೆ. ನನಗೆ ಆ ಲೆಕ್ಕ ಮೊದಲ ದಿನದಿಂದಲೂ ಒಪ್ಪಿಗೆಯಾಗಿಲ್ಲ.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಇದು ಕೊಡಗಿನ ಮೈದಾನಗಳಲ್ಲಿ ಆಡೋ ನಮ್ಮ ಹಾಕಿ ಅಲ್ಲ. ಮಂಜುಗಡ್ಡೆಯ ಮೇಲೆ ಸ್ಕೇಟ್ ಹಾಕಿಕೊಂಡು, ಮೂರಿಂಚು ಅಗಲದ ಗಟ್ಟಿ ರಬ್ಬರಿನ ಪಕ್ ಹೊಡೆಯೋದು. ಗೋಲಿನ ಚೌಕಟ್ಟು ಆರಡಿ ಅಗಲ, ನಾಲ್ಕಡಿ ಎತ್ತರ. ಅದರ ಮುಂದೆ ಹಾಸಿಗೆ ಸುತ್ತಿಕೊಂಡ ಹಾಗೆ ಪ್ಯಾಡು ಕಟ್ಟಿಕೊಂಡು ನಿಂತವನೇ ಗೋಲಿ. ಅವನನ್ನು ಅಳೆಯೋದು ಸೇವ್ ಪರ್ಸೆಂಟೇಜಿನಲ್ಲಿ: ಗೋಲಿನತ್ತ ಬಂದ ನೂರು ಹೊಡೆತಗಳಲ್ಲಿ ಎಷ್ಟು ತಡೆದ ಅಂತ. ಸಾಧಾರಣದವನು ನೂರಕ್ಕೆ ಎಂಟೊಂಬತ್ತು ಬಿಡ್ತಾನೆ. ಒಂದು ಪಂದ್ಯದಲ್ಲಿ ಮೂವತ್ತು ಹೊಡೆತ ಬರುತ್ತೆ ಅಂದುಕೊಂಡರೆ, ದೇವರಂಥ ಗೋಲಿಗೂ ದಂಡಪಿಂಡಕ್ಕೂ ಇರೋ ಅಂತರ ಪಂದ್ಯಕ್ಕೆ ಒಂದು ಗೋಲು. ಅಷ್ಟೇ.

ಇಬ್ಬರೂ ಆ ವರ್ಷ ಲೀಗಿನ ಅತ್ಯುತ್ತಮ ಗೋಲಿ ಪ್ರಶಸ್ತಿಯ ಅಂತಿಮ ಮೂವರಲ್ಲಿದ್ದರು. ಸೀಸನ್ನಿನಲ್ಲಿ ಥಾಮಸ್ ನೂರಕ್ಕೆ 93.8 ತಡೆದು ಆಗಿನ ಮಟ್ಟಿಗೆ ದಾಖಲೆ ಮಾಡಿ ಪ್ರಶಸ್ತಿ ಗೆದ್ದಿದ್ದ. ಲುವಾಂಗೊನದು 92.8. ಬಂದ ದಾರಿ ಮಾತ್ರ ಅಜಗಜಾಂತರ. ಲುವಾಂಗೊ 1997ರ ಡ್ರಾಫ್ಟಿನಲ್ಲಿ ನಾಲ್ಕನೆಯವನಾಗಿ ಆಯ್ಕೆಯಾದ ಹುಡುಗ, ಮುಂದೆ 12 ವರ್ಷಕ್ಕೆ 64 ಮಿಲಿಯನ್ ಡಾಲರ್ ಕಾಂಟ್ರಾಕ್ಟು. ಥಾಮಸ್ 1994ರಲ್ಲಿ 217ನೆಯವನು. ಫಿನ್‌ಲ್ಯಾಂಡ್, ಸ್ವೀಡನ್ ಅಂತ ಅಲೆದು, ಮೂವತ್ತು ದಾಟಿದ ಮೇಲೆ ಲೀಗಿನಲ್ಲಿ ನೆಲೆ ಕಂಡವನು. ಫೈನಲ್ ಆಡುವಾಗ ಅವನಿಗೆ 37. ಕಥೆ ಅಂತ ನೋಡಿದರೆ ನನ್ನ ಮನಸ್ಸೂ ಥಾಮಸ್ ಕಡೆಗೇ ವಾಲುತ್ತೆ, ಸುಳ್ಳು ಯಾಕೆ ಹೇಳಲಿ.

ಆದರೆ ಪಂದ್ಯಗಳನ್ನು ಒಂದೊಂದಾಗಿ ಬಿಡಿಸಿ ನೋಡಿ. ಮೊದಲನೇ ಪಂದ್ಯ ನಮ್ಮೂರಲ್ಲಿ. ಲುವಾಂಗೊಗೆ 36 ಹೊಡೆತ, ಮೂವತ್ತಾರನ್ನೂ ತಡೆದ. ಕೊನೆಯ 19 ಸೆಕೆಂಡ್ ಇದ್ದಾಗ ವ್ಯಾಂಕೂವರ್ ಒಂದು ಗೋಲು ಹೊಡೆದು 1-0. ಎರಡನೆಯದು ಓವರ್‌ಟೈಮಿನ 11ನೇ ಸೆಕೆಂಡಿಗೆ 3-2. ಆಮೇಲೆ ಬಾಸ್ಟನ್ನಿಗೆ ಹೋದರು ನೋಡಿ, ಅಲ್ಲಿ 8-1, 4-0. ವಾಪಸ್ ಬಂದು ಐದನೇ ಪಂದ್ಯದಲ್ಲಿ ಮತ್ತೆ ಲುವಾಂಗೊ 31ಕ್ಕೆ 31, ಮತ್ತೆ 1-0 ಗೆಲುವು. ಮತ್ತೆ ಬಾಸ್ಟನ್: ಎಂಟು ಹೊಡೆತಕ್ಕೆ ಮೂರು ಗೋಲು, ಒಂಬತ್ತು ನಿಮಿಷ ತುಂಬೋದರೊಳಗೆ ಅವನನ್ನು ಎಬ್ಬಿಸಿ ಬೆಂಚಿಗೆ ಕಳಿಸಿ ಕೋರಿ ಶ್ನೈಡರ್‌ನನ್ನು ನಿಲ್ಲಿಸಿದರು. ಆ ಪಂದ್ಯ 5-2. ಏಳನೆಯದು ನಮ್ಮೂರಲ್ಲೇ, 4-0 ಸೋಲು. ಅದರಲ್ಲಿ ಒಂದು ಖಾಲಿ ಗೋಲಿಗೆ ಹೊಡೆದದ್ದು.

ನಾನು ಇದನ್ನೆಲ್ಲ ಎಕ್ಸೆಲ್ಲಿಗೆ ಹಾಕಿದೆ. ಆಫೀಸಿನಲ್ಲಿ ಪಕ್ಕದ ಡೆಸ್ಕಿನವನು, ಹುಟ್ಟಾ ಕನಕ್ಸ್ ಭಕ್ತ, "ಕೆಲಸ ಇಲ್ವಾ ನಿಂಗೆ?" ಅಂದ. ಟೆಸ್ಟಿಂಗ್ ಟೀಮಿನವನಿಗೆ ರಿಲೀಸ್ ಮುಗಿದ ವಾರ ಏನು ಕೆಲಸ ಮಾರಾಯ.

ಶೀಟು ಹೇಳಿದ್ದು ಇಷ್ಟು. ಊರಿನ ನಾಲ್ಕು ಪಂದ್ಯಗಳಲ್ಲಿ ಲುವಾಂಗೊ 117ಕ್ಕೆ 112 ತಡೆದಿದ್ದ. ನೂರಕ್ಕೆ 95.7! ಬಾಸ್ಟನ್ನಿನ ಮೂರರಲ್ಲಿ 66ಕ್ಕೆ 51, ಅಂದರೆ 77.3. ಇಬ್ಬರು ಬೇರೆ ಬೇರೆ ಮನುಷ್ಯರು ಒಂದೇ ಜೆರ್ಸಿ ಹಾಕಿಕೊಂಡ ಹಾಗಿತ್ತು. ಬಾಸ್ಟನ್ನಿನ ಅಂಕಿಯನ್ನು ಅದೃಷ್ಟದ ಲೆಕ್ಕಕ್ಕೆ ಹಾಕಲು ನನ್ನಿಂದಾಗಲಿಲ್ಲ, ಅಲ್ಲಿ ಅವನು ನಿಜವಾಗಿಯೂ ಕುಸಿದಿದ್ದ. 8-1ರ ಪಂದ್ಯದಲ್ಲಿ ಕೋಚು ಎಂಟೂ ಗೋಲಿನ ತನಕ ಅವನನ್ನು ಅಲ್ಲೇ ನಿಲ್ಲಿಸಿದ್ದು ನನಗೆ ಇವತ್ತಿಗೂ ಅರ್ಥವಾಗಿಲ್ಲ, ಅದು ಬೇರೆ ಮಾತು.

ಏಳೂ ಪಂದ್ಯ ಸೇರಿಸಿದರೆ ಚಿತ್ರ ಬದಲಾಗುತ್ತೆ. ಲುವಾಂಗೊ ತನ್ನ ಸೀಸನ್ನಿನ ಲಯದಲ್ಲೇ ಆಡಿದ್ದರೆ 183 ಹೊಡೆತಕ್ಕೆ 13 ಗೋಲು ಬಿಡಬೇಕಿತ್ತು, 20 ಬಿಟ್ಟ. ಏಳು ಹೆಚ್ಚು. ಥಾಮಸ್ ತನ್ನ ಲಯದಲ್ಲೇ ಆಡಿದ್ದರೆ 246 ಹೊಡೆತಕ್ಕೆ 15 ಬಿಡಬೇಕಿತ್ತು, 8 ಬಿಟ್ಟ. ಏಳು ಕಮ್ಮಿ. ಎಲ್ಲ ಹೊಡೆತಗಳೂ ಒಂದೇ ತೂಕದ್ದು ಅಂತ ಇಟ್ಟುಕೊಂಡು ನಾಣ್ಯ ಚಿಮ್ಮುವ ಲೆಕ್ಕ ಮಾಡಿದರೆ, ಏಳು ಪಂದ್ಯಗಳಲ್ಲಿ ಮೂರ್ನಾಲ್ಕು ಗೋಲು ಆಚೀಚೆ ಆಗೋದು ಮಾಮೂಲು. ಏಳು ಅಂದರೆ ಅದರ ಎರಡರಷ್ಟು. ಇಬ್ಬರದೂ ಇಪ್ಪತ್ತು-ಮೂವತ್ತು ಸರಣಿಗೊಮ್ಮೆ ಬರೋ ಅಂಥ ವಾರಗಳು. ಒಬ್ಬನಿಗೆ ಮೇಲಕ್ಕೆ, ಇನ್ನೊಬ್ಬನಿಗೆ ಕೆಳಕ್ಕೆ, ಒಂದೇ ಸಮಯಕ್ಕೆ ಬಂತು.

ಇದನ್ನು ತೋರಿಸಿದಾಗ ಪಕ್ಕದ ಡೆಸ್ಕಿನವನು ತಲೆಯಾಡಿಸಿದ. "ಅದನ್ನೇ ಅಲ್ವಾ ನಾನೂ ಹೇಳ್ತಿರೋದು? ಏಳು ಗೋಲು ಜಾಸ್ತಿ ಬಿಟ್ಟ, ಕಪ್ಪು ಕಳೆದ."

ಇಲ್ಲೇ ನನ್ನ ತಕರಾರು. ಸೋತ ನಾಲ್ಕು ಪಂದ್ಯಗಳಲ್ಲಿ ವ್ಯಾಂಕೂವರ್ ಹೊಡೆದ ಗೋಲುಗಳೆಷ್ಟು? ಒಂದು, ಸೊನ್ನೆ, ಎರಡು, ಸೊನ್ನೆ. ಎರಡು ಪಂದ್ಯಗಳಲ್ಲಿ ಸೊನ್ನೆ! ಗೋಲಿನ ಬಾಯಿಗೆ ಇಟ್ಟಿಗೆ ಕಟ್ಟಿ ಗಾರೆ ಮೆತ್ತಿದ್ದರೂ ಅರವತ್ತು ನಿಮಿಷದಲ್ಲಿ ಆ ಎರಡನ್ನು ಗೆಲ್ಲೋಕೆ ಆಗ್ತಿರಲಿಲ್ಲ. ಗೆದ್ದ ಮೂರರಲ್ಲಿ ಎರಡು 1-0. ಅಂದರೆ ನಮ್ಮ ಕೀಪರ್ ಒಂದೂ ಬಿಡದೆ ಇದ್ದರೆ ಮಾತ್ರ ನಮಗೆ ಗೆಲುವು ಅನ್ನೋ ಷರತ್ತಿನ ಮೇಲೆ ಆ ಫೈನಲ್ ನಡೀತಾ ಇತ್ತು. ಮತ್ತು ಇದು ಆ ಸೀಸನ್ನಿನಲ್ಲಿ ಇಡೀ ಲೀಗಿಗೇ ಅತಿ ಹೆಚ್ಚು ಗೋಲು ಹೊಡೆದ ಟೀಮು. ಹೆನ್ರಿಕ್ ಮತ್ತು ಡೇನಿಯಲ್ ಸೆಡಿನ್ ಅನ್ನೋ ಸ್ವೀಡಿಷ್ ಅವಳಿಗಳು, ಒಬ್ಬ 2010ರಲ್ಲಿ, ಇನ್ನೊಬ್ಬ 2011ರಲ್ಲಿ ಲೀಗಿನ ಅತಿ ಹೆಚ್ಚು ಪಾಯಿಂಟ್ ಗಳಿಸಿದವರು. ಹೆನ್ರಿಕ್ ಫೈನಲ್ಲಿನಲ್ಲಿ ಹೊಡೆದದ್ದು ಒಂದೇ ಗೋಲು. ಎದುರಾಳಿ ಫೌಲ್ ಮಾಡಿ ಒಬ್ಬ ಹೊರಗೆ ಕೂತಾಗ ಸಿಗೋ ಪವರ್ ಪ್ಲೇ ಅವಕಾಶ 33 ಸಲ ಸಿಕ್ಕಿತು, ಗೋಲಾದದ್ದು 2.

ಹಾಗಂತ ಅವಳಿಗಳನ್ನು ಬೈಯೋಣವಾ? ಅದೂ ಸರಿಯಲ್ಲ. 246 ಹೊಡೆತ ಅಂದರೆ ಪಂದ್ಯಕ್ಕೆ 35. ಎದುರಿಗೆ ಸಾಧಾರಣ ಗೋಲಿ ಇದ್ದಿದ್ದರೆ ಇಪ್ಪತ್ತಾದರೂ ಒಳಗೆ ಹೋಗ್ತಿದ್ದವು. ನಿಂತಿದ್ದವನು ಥಾಮಸ್. 238 ತಡೆದ, ಒಂದು ಫೈನಲ್ಲಿನಲ್ಲಿ ಅಷ್ಟು ತಡೆದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಪ್ಲೇಆಫ್‌ನ ಶ್ರೇಷ್ಠ ಆಟಗಾರನಿಗೆ ಕೊಡೋ ಕಾನ್ ಸ್ಮೈತ್ ಟ್ರೋಫಿ ಅವನಿಗೇ ಹೋಯಿತು, ಯಾರೂ ತುಟಿ ಎರಡು ಮಾಡಲಿಲ್ಲ. ಲುವಾಂಗೊ ಸೋತದ್ದು ಥಾಮಸ್‌ಗೆ. ಊರು ಹೇಳೋದು ಮಾತ್ರ, ಅವನು ತನಗೆ ತಾನೇ ಸೋತ ಅಂತ. ಒಬ್ಬನ ಜಮೆಯನ್ನು ಇನ್ನೊಬ್ಬನ ಖರ್ಚಿಗೆ ಬರೆದುಬಿಟ್ಟಿದ್ದಾರೆ.

ಹೀಗೆ ಬರೆಯದೆ ಇದ್ದ ಉದಾಹರಣೆಯೂ ಇದೆ. 2003ರ ಫೈನಲ್ಲಿನಲ್ಲಿ ನ್ಯೂಜೆರ್ಸಿಯ ಮಾರ್ಟಿನ್ ಬ್ರೊಡರ್ ಮೂರು ಪಂದ್ಯಗಳಲ್ಲಿ ಒಂದೂ ಗೋಲು ಬಿಡದೆ, ಏಳನೇ ಪಂದ್ಯ ಗೆದ್ದು ಕಪ್ಪೆತ್ತಿದ. ಕಾನ್ ಸ್ಮೈತ್ ಮಾತ್ರ ಸೋತ ಅನಾಹೈಮ್‌ನ ಜಿಗೇರ್‌ಗೆ ಹೋಯಿತು, ಯಾಕೆಂದರೆ ಆ ಪ್ಲೇಆಫ್ ಪೂರ್ತಿ ಅವನು ನೂರಕ್ಕೆ 94.5 ತಡೆದಿದ್ದ. ಕೊನೆಯ ರಾತ್ರಿಯನ್ನು ಬಿಟ್ಟು ಉಳಿದ ರಾತ್ರಿಗಳನ್ನೂ ಎಣಿಸಿದವರು ಅವರು.

ಲುವಾಂಗೊನ ಬಾಯಿಯೂ ಅವನಿಗೆ ಶತ್ರುವಾಯಿತು ಅನ್ನಿ. ಅವನು ಗೋಲಿನೊಳಗೆ ಹಿಂದೆ ಸರಿದು ನಿಲ್ಲೋ ಆಸಾಮಿ, ಥಾಮಸ್ ಮುಂದೆ ನುಗ್ಗಿ ಬರೋನು. ಐದನೇ ಪಂದ್ಯದಲ್ಲಿ ಪಕ್ ಹಿಂಬದಿಯ ಗೋಡೆಗೆ ಬಡಿದು ವಾಪಸ್ ಪುಟಿದಾಗ ಥಾಮಸ್ ಮುಂದೆ ಬಂದಿದ್ದ, ಗೋಲಾಯಿತು. ನನ್ನ ಹಾಗೆ ಒಳಗೆ ನಿಂತವನಿಗೆ ಅದು ಸಲೀಸು ಅಂತ ಲುವಾಂಗೊ ಪತ್ರಕರ್ತರ ಮುಂದೆ ಅಂದ. ಅದಕ್ಕೆ ಗಲಾಟೆಯಾದಾಗ, ಸರಣಿ ಶುರುವಾದಾಗಿಂದ ನಾನೇ ಅವನ ಟೈರಿಗೆ ಗಾಳಿ ಹೊಡೀತಾ ಇದ್ದೀನಿ, ಅವನು ನನ್ನ ಬಗ್ಗೆ ಒಂದು ಒಳ್ಳೆ ಮಾತೂ ಆಡಿಲ್ಲ ಅಂತ ಗೊಣಗಿದ. ಟೈರಿಗೆ ಗಾಳಿ ಹೊಡೆಯೋದು ಅಂದರೆ ಇಲ್ಲಿ ಹೊಗಳಿ ಅಟ್ಟಕ್ಕೇರಿಸೋದು. ಗಾಳಿ ಹೊಡೆಯೋದು ನನ್ನ ಕೆಲಸ ಅಂತ ನನಗೆ ಗೊತ್ತಿರಲಿಲ್ಲ ಅಂದ ಥಾಮಸ್. ಅದರ ಮುಂದಿನ ಪಂದ್ಯವೇ ಆ ಎಂಟಕ್ಕೆ ಮೂರು.

ಜೂನ್ 15ರ ರಾತ್ರಿ, ಏಳನೇ ಪಂದ್ಯ ಸೋತ ಮೇಲೆ, ಡೌನ್‌ಟೌನಿನಲ್ಲಿ ಕಾರುಗಳಿಗೆ ಬೆಂಕಿ ಹಚ್ಚಿದರು, ಅಂಗಡಿಗಳ ಗಾಜು ಒಡೆದು ಲೂಟಿ ಮಾಡಿದರು. ಮೈಸೂರಿಂದ ಅಪ್ಪ ಫೋನು. "ಟೀವೀಲಿ ತೋರಿಸ್ತಿದ್ರು ಕಣೋ, ನಿಮ್ಮೂರಲ್ಲಿ ಏನೋ ಗಲಾಟೆಯಂತೆ? ಕಾವೇರಿ ವಿಷಯನಾ ಏನಾದ್ರೂ?"

"ಇಲ್ಲಪ್ಪ, ಹಾಕಿ."

ಆ ಕಡೆ ಸ್ವಲ್ಪ ಹೊತ್ತು ಮೌನ. "ಕೀಪರ್ ಸರಿ ಇರ್ಲಿಲ್ವೇನೋ?"

ನೋಡಿ, ಹದಿಮೂರು ಸಾವಿರ ಕಿಲೋಮೀಟರ್ ದೂರದಲ್ಲಿ, ಜನ್ಮದಲ್ಲಿ ಐಸ್ ಹಾಕಿ ನೋಡದ ಮನುಷ್ಯನಿಗೂ ಮೊದಲು ಹೊಳೆದದ್ದು ಕೀಪರ್. ಹೊಡೆಯದೆ ಬಿಟ್ಟ ಗೋಲಿಗೆ ಯಾರ ಹೆಸರೂ ಅಂಟಲ್ಲ. ಬಿಟ್ಟ ಗೋಲಿಗೆ ಮಾತ್ರ ಕೀಪರಿನ ಬೆನ್ನ ಹಿಂದೆಯೇ ಕೆಂಪು ದೀಪ ಉರಿಯುತ್ತೆ. ಅದೇ ಜುಲೈ-ಆಗಸ್ಟಿನಲ್ಲಿ ನಮ್ಮ ದ್ರಾವಿಡ್ ಇಂಗ್ಲೆಂಡಿನಲ್ಲಿ ಮೂರು ಶತಕ ಹೊಡೆದ, ಇಂಡಿಯಾ ನಾಲ್ಕಕ್ಕೆ ನಾಲ್ಕೂ ಟೆಸ್ಟ್ ಸೋತಿತು, ದ್ರಾವಿಡ್‌ನನ್ನು ಒಬ್ಬರೂ ಬೈಯಲಿಲ್ಲ. ಬ್ಯಾಟ್ಸ್‌ಮನ್ ಮಾಡಿದ್ದು ಸ್ಕೋರ್‌ಬೋರ್ಡಿನ ಮೇಲೆ ಉಳಿಯುತ್ತೆ. ಲುವಾಂಗೊ ತಡೆದ 163 ಪಕ್ಕುಗಳು ಯಾವ ಬೋರ್ಡಿನ ಮೇಲೂ ಇರಲಿಲ್ಲ.

ಇನ್ನೂ ಒಂದು. ಹದಿನಾರು ತಿಂಗಳ ಹಿಂದೆ, 2010ರ ಫೆಬ್ರವರಿ 28ರಂದು, ಅದೇ ಸ್ಟೇಡಿಯಮ್ಮಿನಲ್ಲಿ ಒಲಿಂಪಿಕ್ ಫೈನಲ್ ಓವರ್‌ಟೈಮಿಗೆ ಹೋಗಿ ಕೆನಡಾ ಅಮೆರಿಕವನ್ನು 3-2ರಲ್ಲಿ ಸೋಲಿಸಿ ಚಿನ್ನ ಗೆದ್ದಾಗ ಗೋಲಿನಲ್ಲಿದ್ದದ್ದು ಇದೇ ಲುವಾಂಗೊ. ಬ್ರೊಡರ್‌ನನ್ನು ಕೂರಿಸಿ ಇವನನ್ನು ನಿಲ್ಲಿಸಿದ್ದರು. ದೊಡ್ಡ ಪಂದ್ಯದಲ್ಲಿ ಇವನ ಕೈ ನಡುಗುತ್ತೆ ಅನ್ನೋರು ಆ ದಿನವನ್ನು ಎಲ್ಲಿ ಇಡ್ತಾರೆ?

2012ರ ಪ್ಲೇಆಫ್‌ನಲ್ಲಿ ಮೊದಲೆರಡು ಪಂದ್ಯ ಸೋತ ಕೂಡಲೇ ಶ್ನೈಡರ್ ಬಂದ. ಮುಂದಿನ ವರ್ಷ ಶ್ನೈಡರ್‌ನನ್ನೇ ನ್ಯೂಜೆರ್ಸಿಗೆ ಕಳಿಸಿ ಲುವಾಂಗೊನನ್ನು ಉಳಿಸಿಕೊಂಡರು, ಆ ಉದ್ದನೆಯ ಕಾಂಟ್ರಾಕ್ಟು ಯಾರಿಗೂ ಬೇಡವಾಗಿತ್ತು. 2014ರ ಮಾರ್ಚ್ 2ರಂದು ಛಾವಣಿಯಿರೋ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಐಸ್ ಹಾಸಿ ಒಂದು ವಿಶೇಷ ಪಂದ್ಯ ಆಡಿಸಿದರು. ಕೋಚು ಲುವಾಂಗೊನನ್ನು ಬೆಂಚಿನಲ್ಲಿ ಕೂರಿಸಿ ಇನ್ನೊಬ್ಬನನ್ನು ಇಳಿಸಿದ. ನಮಗೆ ಲೂ ಬೇಕು ಅಂತ ಜನ ಕೂಗೋಕೆ ಶುರು ಮಾಡಿದರು. ಮೂರು ವರ್ಷ ಬೈದ ಅದೇ ಜನ. ಪಕ್ಕದ ಡೆಸ್ಕಿನವನೂ ಕೂಗಿದನಂತೆ, ಮರುದಿನ ಗಂಟಲು ಕೂತಿತ್ತು.

ಎರಡು ದಿನಕ್ಕೆ, ಮಾರ್ಚ್ 4ರಂದು, ಅವನನ್ನು ಫ್ಲೋರಿಡಾಗೆ ಮಾರಿದರು. 2022ರಲ್ಲಿ ಅವನು ಹಾಲ್ ಆಫ್ ಫೇಮ್ ಸೇರಿದ, ಕಪ್ಪಿಲ್ಲದೆಯೇ. ಆದರೆ 2014ರ ಆ ವಾರ ಫ್ಲೋರಿಡಾದ ಗೋಲಿನಲ್ಲಿ ನಿಂತಿದ್ದವನು ಯಾರು ಗೊತ್ತಾ? ಒಂದು ವರ್ಷ ಆಟ ಬಿಟ್ಟು ಮನೆಯಲ್ಲಿ ಕೂತು, ಮತ್ತೆ ಪ್ಯಾಡು ಕಟ್ಟಿಕೊಂಡು ಬಂದಿದ್ದ ಟಿಮ್ ಥಾಮಸ್. ಲುವಾಂಗೊ ಬಂದ ಮರುದಿನ ಅವನನ್ನು ಡಲ್ಲಾಸಿಗೆ ಕಳಿಸಿದರು. ಆ ಸೀಸನ್ ಮುಗಿದ ಮೇಲೆ ಥಾಮಸ್ ಮತ್ತೆ ಲೀಗಿನಲ್ಲಿ ಆಡಲಿಲ್ಲ.