ಸರಾಸರಿ ಮಳೆ

ಪುಣೆಗೆ ಬಂದು ಮೂವತ್ತು ವರ್ಷ ಆಯ್ತು. ಶಿವಾಜಿನಗರದ ಸಿಮ್ಲಾ ಆಫೀಸ್ ಸ್ಟಾಪಿನಲ್ಲಿ ಎಷ್ಟು ಸಲ ಬಸ್ ಕಾದಿದ್ದೀನೋ! ಆ ಹೆಸರು ಯಾಕೆ ಅಂತ ಗೊತ್ತಾಗಿದ್ದು ತಡವಾಗಿ. 1928ರಲ್ಲಿ ಹವಾಮಾನ ಇಲಾಖೆಯ ಕೇಂದ್ರ ಕಚೇರಿ ಸಿಮ್ಲಾದಿಂದ ಇಲ್ಲಿಗೆ ಬಂತು. 1944ರಲ್ಲಿ ಅದು ದಿಲ್ಲಿಗೆ ಹೋದರೂ ದೇಶದ ಮಳೆ ದಾಖಲೆಗಳು ಈಗಲೂ ಬಂದು ಸೇರೋದು ಇಲ್ಲಿಗೇ.

ಇಲಾಖೆಯ ಹಳೇ ಲೆಕ್ಕ ಸರಳ. ಹಂಗಾಮಿನ ಮಳೆ ವಾಡಿಕೆಗಿಂತ ಶೇ. 26ರಿಂದ 50 ಕಡಿಮೆಯಾದರೆ ಸಾಧಾರಣ ಬರ, ಅದನ್ನೂ ಮೀರಿದರೆ ತೀವ್ರ ಬರ.

ಒಂದು ವರ್ಷ ವಿಜಾಪುರದ ಕಡೆಯ ನಮ್ಮೂರಿಂದ ಅಣ್ಣ ಫೋನ್ ಮಾಡಿದ್ದ. ಪೇಪರಿನಲ್ಲಿ ಓದಿದ್ದನ್ನೇ ಹೇಳಿದೆ: "ಅಣ್ಣಾ, ಮಳಿ ವಾಡಿಕಿಯಷ್ಟು ಆಗೇದಂತಲ್ಲ?"

"ಆಗೇದ ತಮ್ಮಾ. ಹೆಸರು ಹೂ ಬಿಡೂವಾಗ ತಿಂಗಳಗಟ್ಲೆ ಹನಿ ಬೀಳಲಿಲ್ಲ. ಎಲ್ಲಾ ಒಣಗಿದ ಮ್ಯಾಲ ಮಘಾದಾಗ ಎರಡ ರಾತ್ರಿ ಸುರೀತು. ಕೂಡಿಸಿದ್ರ ಲೆಕ್ಕ ಬರೋಬ್ಬರಿ, ಚೀಲ ಖಾಲಿ."

ನಾನು ಸುಮ್ಮನಾದೆ.

2016ರ ಕೇಂದ್ರ ಸರ್ಕಾರದ ಬರ ಕೈಪಿಡಿ, ನಡುವೆ ಮೂರ್ನಾಲ್ಕು ವಾರ ಮಳೆ ಕೈಕೊಟ್ಟರೂ ಲೆಕ್ಕಕ್ಕೆ ತಗೋಬೇಕು ಅನ್ನುತ್ತೆ. ಜೊತೆಗೆ ಬಿತ್ತನೆ, ಬೆಳೆ, ಮಣ್ಣಿನ ತೇವವನ್ನೂ ನೋಡಬೇಕು. ಓದಿದಾಗ ಅಣ್ಣನ ಖಾಲಿ ಚೀಲವೇ ಕಣ್ಣಮುಂದೆ ಬಂತು.

ಈಗ ಫೋನಿನಲ್ಲಿ ನಾನು ಮೊದಲು ಕೇಳೋದು "ಮಳಿ ಯಾವಾಗ ಆತು?" ಅಂತ. ಎಷ್ಟು ಅನ್ನೋದು ಆಮೇಲೆ.

ನಿಮ್ಮೂರಲ್ಲಿ ಈ ಸಲ ಹೇಗೆ?