ಗಾಲಿಯ ಮೇಲಿನ ಮನೆ

ನರಗುಂದದಿಂದ ರೋಣ, ರೋಣದಿಂದ ಗಜೇಂದ್ರಗಡ. ಈಗ ಕಾರಿನಲ್ಲಿ ಮುಂಜಾನೆ ಹೊರಟರೆ ಊಟದ ಹೊತ್ತಿಗೆ ಕಾಲಕಾಲೇಶ್ವರನ ಮೆಟ್ಟಿಲು ಹತ್ತಬಹುದು. ನಾನು ಸಣ್ಣವನಿದ್ದಾಗ ಇದೇ ದಾರಿಗೆ ಕೊಲ್ಲಾರಿ ಬಂಡಿಯಲ್ಲಿ ಎರಡು ದಿನ ಬೇಕಾಗುತ್ತಿತ್ತು. ಎತ್ತುಗಳಿಗೆ ಅವಸರ ಇರಲಿಲ್ಲ, ನಮಗೂ ಇರಲಿಲ್ಲ.

ಈ ಸಲ ಜೊತೆಗೆ ಅಮೆರಿಕದಿಂದ ಬಂದ ಮೊಮ್ಮಗಳಿದ್ದಳು. ನರಗುಂದದ ಗುಡ್ಡ ಕಂಡಾಗ 1858ರಲ್ಲಿ ಬ್ರಿಟಿಷರ ಮೇಲೆ ಬಂಡೆದ್ದ ಬಾಬಾಸಾಹೇಬನ ಕತೆ ಹೇಳಿದೆ. ಸೂಡಿಯಲ್ಲಿ ಇಳಿದು ಜೋಡುಕಳಸದ ಗುಡಿ, ನಾಗಕುಂಡ ತೋರಿಸಿದೆ. ಆದರೆ ಅವಳಿಗೆ ಬೇಕಾಗಿದ್ದದ್ದು ಬಂಡಿಯ ಕತೆ.

"ಅಜ್ಜಾ, ಬಂಡ್ಯಾಗ ಹತ್ತು ಮಂದಿ ಹೆಂಗ ಮಲಗತಿದ್ರಿ?"

ಪ್ರಶ್ನೆ ಸರಿಯಾಗಿಯೇ ಇತ್ತು. ಹಿಂದೆ ನಾನು ಅವಳ ಊರಿಗೆ ಹೋದಾಗ ಅವರು ಬಾಡಿಗೆಗೆ ತಂದ ಮನೆಬಂಡಿಯಲ್ಲಿ ನಾಲ್ಕು ದಿನ ತಿರುಗಾಡಿದ್ದೆ. ಬಸ್ಸಿನಷ್ಟು ದೊಡ್ಡದು, ಒಳಗೆ ಒಲೆ, ಹಾಸಿಗೆ, ಬಚ್ಚಲು. ಆದರೂ ಓಡುವಾಗ ನಡುವೆ ಒಬ್ಬರು ಹಾಯಲು ಮಾತ್ರ ಜಾಗ. ಅಲ್ಲಿಯ ರಸ್ತೆಯ ಮೇಲೆ ವಾಹನ 8.5 ಅಡಿಗಿಂತ ಅಗಲ ಇರಬಾರದು. ಹಾಗಾಗಿ ಕೋಣೆಯ ಒಂದು ಭಾಗವನ್ನು ಪೆಟ್ಟಿಗೆಯ ಖಾನೆಯಂತೆ ಒಳಗೆ ಸರಿಸಿಟ್ಟಿರುತ್ತಾರೆ. ನಿಂತ ಮೇಲೆ ಗುಂಡಿ ಒತ್ತಿದರೆ ಗೋಡೆ, ಕಿಟಕಿ, ಸೋಫಾ ಎಲ್ಲ ಸೇರಿ ಸುಮಾರು ಮೂರು ಅಡಿ ಹೊರಗೆ ಹೋಗುತ್ತದೆ!

ಕೆಳಗೆ ಬಗ್ಗಿ ನೋಡಿದ್ದೆ. ಕೋಣೆಯ ಅಡಿಯಲ್ಲಿ ಹಲ್ಲು ಕೊರೆದ ಕಬ್ಬಿಣದ ಪಟ್ಟಿ, ಅದಕ್ಕೆ ಕಚ್ಚಿಕೊಂಡ ಹಲ್ಲುಗಾಲಿ. ಬ್ಯಾಟರಿಯಿಂದ ಸಣ್ಣ ಮೋಟಾರು ಗಾಲಿಯನ್ನು ತಿರುಗಿಸುತ್ತದೆ, ಪಟ್ಟಿ ಮುಂದೆ ಸರಿಯುತ್ತದೆ, ಕೋಣೆಯೂ ಸರಿಯುತ್ತದೆ. ಕೆಲವಕ್ಕೆ ಎಣ್ಣೆಯ ಒತ್ತಡ, ಕೆಲವಕ್ಕೆ ತಂತಿ ಹಗ್ಗ. ಸುತ್ತಲೂ ರಬ್ಬರಿನ ಅಂಚು ಇರುವುದರಿಂದ ಮಳೆ ಒಳಗೆ ಬರುವುದಿಲ್ಲ. ಬ್ಯಾಟರಿ ಕೈಕೊಟ್ಟರೆ ಎಷ್ಟೋ ಬಂಡಿಗಳಲ್ಲಿ ಕೈಯಿಂದ ತಿರುವುವ ಹಿಡಿಕೆಯೂ ಇರುತ್ತದೆ. ಬಾವಿಯ ರಾಟೆ ಎಳೆದವರಿಗೆ ಇದೇನು ಮಹಾ?

ಆದರೆ ಗುಂಡಿ ಒತ್ತುವ ಮೊದಲಿನ ಕೆಲಸವೇ ಹೆಚ್ಚು. ಸಮನಾದ ನೆಲ ನೋಡಬೇಕು, ಬ್ರೇಕ್ ಹಾಕಬೇಕು, ಬಂಡಿಯನ್ನು ಮಟ್ಟ ಮಾಡಬೇಕು. ಓರೆಯಾಗಿದ್ದರೆ ಕೋಣೆ ಸೊಟ್ಟ ಸರಿದು ಸಿಕ್ಕಿಕೊಳ್ಳುತ್ತದೆ. ಹೊರಗೆ ಗಿಡ, ಕಂಬ ಅಡ್ಡ ಇರಬಾರದು. ಮತ್ತೆ ಒಳಗೆಳೆಯುವ ಮುಂಚೆ ಅದರ ಮಾಳಿಗೆಯ ಮೇಲೆ ಬಿದ್ದ ಎಲೆ, ಕಡ್ಡಿ ಗುಡಿಸಬೇಕು, ಇಲ್ಲದಿದ್ದರೆ ರಬ್ಬರು ಹರಿಯುತ್ತದೆ. ಒಳಗೆ, ಹೊರಗೆ ಯಾರೂ ಅಡ್ಡ ಇಲ್ಲವೆಂದು ನೋಡಿ ಕೂಗಿ ಹೇಳುವುದು ಮೊಮ್ಮಗಳ ಪಾಲಿನ ಕೆಲಸ. ಅವಳು ಕೂಗುವ ತನಕ ಅವರಪ್ಪ ಗುಂಡಿ ಮುಟ್ಟುತ್ತಿರಲಿಲ್ಲ.

ನಮ್ಮ ಬಂಡಿಯಲ್ಲೂ ಅದೇ ಪದ್ಧತಿ ಇತ್ತು ಅಂದೆ. ಅವಳು ನಂಬಲಿಲ್ಲ.

ಗುಡ್ಡದ ಕೆಳಗೆ ಬಂಡಿ ಬಿಟ್ಟ ಕೂಡಲೇ ಅಪ್ಪ ಎತ್ತುಗಳನ್ನು ಬಿಚ್ಚಿ, ಗಾಲಿಗೆ ಕಲ್ಲು ಕೊಟ್ಟು, ಮೂಕಿಗೆ ಗಟ್ಟಿ ಕೋಲು ಊರಿ ಬಂಡಿಯನ್ನು ಮಟ್ಟ ಮಾಡುತ್ತಿದ್ದ. ಆಮೇಲೆ ಕೊಲ್ಲಾರಿಯ ಬಿದಿರಿಗೆ ದಪ್ಪ ಜಮಖಾನೆ ಕಟ್ಟಿ, ಇನ್ನೊಂದು ತುದಿಯನ್ನು ಎರಡು ಗೂಟಕ್ಕೆ ಎಳೆದರೆ ಪಡಸಾಲೆ ಸಿದ್ಧ. ಮೂರು ಕಲ್ಲಿಟ್ಟರೆ ಅಡುಗೆಮನೆ. ಬಂಡಿಯೊಳಗೆ ಅವ್ವ, ಅಮ್ಮ, ಕೂಸುಗಳು. ಪಡಸಾಲೆಯಲ್ಲಿ ಗಂಡಸರು. ತಣ್ಣಗೆ ಇರುವ ಜಾಗ ಬಂಡಿಯ ಕೆಳಗಿನದು, ಅದು ಹುಡುಗರದು.

ಅಲ್ಲೇ ಅಪಾಯ. ನಸುಕಿನಲ್ಲಿ ಇನ್ನೂ ಕತ್ತಲೆ ಇರುವಾಗ ಎತ್ತು ಹೂಡುತ್ತಿದ್ದರು. ಹೂಡುವ ಮೊದಲು ಕೆಳಗೆ ತೆವಳಿ, ಕೈಯಾಡಿಸಿ, "ಯಾರೂ ಇಲ್ಲ" ಎಂದು ಕೂಗುವುದು ನನ್ನ ಕೆಲಸ. ನನಗಾಗ ಎಂಟು ವರ್ಷ. ಒಂದು ಜಾತ್ರೆಯಲ್ಲಿ ನನ್ನ ತಮ್ಮನನ್ನು ಆಗಲೇ ಬಂಡಿಯೊಳಗೆ ಮಲಗಿಸಿದ್ದೇನೆ ಎಂದು ಅವ್ವ ಹೇಳಿದಳು. ಆದರೂ ನಾನು ಕೆಳಗೆ ಹೋದೆ. ಕಂಬಳಿ ಎಂದು ಹಿಡಿದದ್ದು ಬೆಚ್ಚಗಿತ್ತು. ರಾತ್ರಿ ಯಾವಾಗಲೋ ಸೆಖೆಗೆ ಇಳಿದು ಬಂದು ಗಾಲಿಗೆ ತಲೆಯಿಟ್ಟು ಮಲಗಿದ್ದ. ಕಾಲು ಹಿಡಿದು ಎಳೆದೆ. ಅಪ್ಪ ನೊಗವನ್ನು ಅಲ್ಲಿಯೇ ಬಿಟ್ಟು ನೆಲದ ಮೇಲೆ ಕುಳಿತುಬಿಟ್ಟ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಈಗ ಗುಡ್ಡದ ಸುತ್ತ ಗಾಳಿಯಂತ್ರಗಳು ತಿರುಗುತ್ತವೆ, ಜಾತ್ರೆಗೆ ಟ್ರ್ಯಾಕ್ಟರು ಬರುತ್ತವೆ. ಅಂತರಗಂಗೆಯ ನೀರು ಮಾತ್ರ ಅಂದಿನಂತೆಯೇ ಹೊಂಡಕ್ಕೆ ಬೀಳುತ್ತಿದೆ. ಅಲ್ಲಿ ಕೈ ತೊಳೆದು ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆವು. ಮೊಮ್ಮಗಳು ನರಗುಂದದಲ್ಲಿರುವ ತಮ್ಮನಿಗೆ ಫೋನ್ ಹಚ್ಚಿ, ಕತೆ ನಿಜವೇ ಎಂದು ಕೇಳಿದಳು.

"ನಿಮ್ಮಜ್ಜ ಎಳದದ್ದು ಖರೇ," ಅಂದ. "ಆದ್ರ ನಾ ಮಲಗಿರಲಿಲ್ಲವಾ, ಎದ್ದಿದ್ದೆ."