ನೆಲವೇ ಡೊಂಕಾಗಿದ್ದಾಗ

'ಕುಣಿಯಲಾರದವಳು ನೆಲ ಡೊಂಕು ಎಂದಳಂತೆ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ತನ್ನ ಕುಂದನ್ನು ಮುಚ್ಚಿಕೊಂಡು ಕಾಲ ಕೆಳಗಿನ ನೆಲದ ಮೇಲೆ ತಪ್ಪು ಹೊರಿಸುವವರನ್ನು ಚುಚ್ಚಲು ನಮ್ಮ ಹಿರಿಯರು ಇದಕ್ಕಿಂತ ಮೊನಚಾದ ಸೂಜಿಯನ್ನು ಮಾಡಿರಲಾರರು. ಆದರೆ ಈ ಗಾದೆಗೆ ಇನ್ನೊಂದು ಮಗ್ಗುಲೂ ಉಂಟು. ನೆಲ ನಿಜವಾಗಿಯೇ ಡೊಂಕಾಗಿದ್ದು, ಕುಣಿಯುವವಳು ಸಂಕೋಚದಿಂದ 'ನನ್ನ ಕಾಲೇ ಸರಿಯಿಲ್ಲ' ಎಂದು ಗೆಜ್ಜೆ ಬಿಚ್ಚಿಟ್ಟರೆ? ಅಂಥವಳ ಪರವಾಗಿ ಗಾದೆ ಒಂದು ಮಾತನ್ನೂ ಆಡುವುದಿಲ್ಲ. ಕಳೆದ ವರ್ಷ ರಾಮದಾಸಪೇಠ್‌ನ ನಮ್ಮ ಮನೆಯಲ್ಲಿ ಇಂಥದೇ ಒಂದು ಪ್ರಸಂಗ ನಡೆಯಿತು. ಕುಣಿಯುವವರು ನಮ್ಮ ತೀರ್ಥರೂಪರು. ನೆಲವೆಂದರೆ ಅವರ ಹಳೆಯ ಮೋಟಾರು ಗಾಡಿಯ ಗೇರು.

ಗಾಡಿ ಸ್ಟ್ಯಾಂಡರ್ಡ್ ಹೆರಾಲ್ಡ್. ಈಗಿನ ಮಕ್ಕಳು ಆ ಹೆಸರನ್ನೇ ಕೇಳಿರಲಾರರಾದ್ದರಿಂದ ಅದರ ಕುಲಗೋತ್ರವನ್ನು ನಾಲ್ಕು ಮಾತಿನಲ್ಲಿ ಹೇಳುವುದು ಲೇಸು. ಇದು 1959ರಲ್ಲಿ ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿನಿಂದ ಹುಟ್ಟಿತು. ಇದರ ಆಕಾರವನ್ನು ರೂಪಿಸಿದವನು ಇಟಲಿಯ ಜೊವಾನ್ನಿ ಮಿಕೆಲೊತ್ತಿ. 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿಯವರು ಇದನ್ನು ನಮ್ಮ ದೇಶದಲ್ಲಿಯೇ ತಯಾರಿಸತೊಡಗಿದರು. ನಾಲ್ಕು ಬಾಗಿಲಿನ ಹೆರಾಲ್ಡ್ ಭಾರತದಲ್ಲಿ ಮಾತ್ರ ಆದದ್ದು. ಇಂಗ್ಲೆಂಡಿನವರು ಇದೇ ಗಾಡಿಯ ಅಡಿಚೌಕಟ್ಟನ್ನು ಗಿಡ್ಡ ಮಾಡಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ಕಟ್ಟಿದರು. ಗೇರುಪೆಟ್ಟಿಗೆಯೂ ಅದೇ ಮನೆತನದ್ದು. ಆದ್ದರಿಂದ ನಮ್ಮದು ಸ್ಪೋರ್ಟ್ಸ್ ಕಾರಿನ ಅಕ್ಕನೆಂದು ಹೇಳಿಕೊಂಡರೆ ಯಾರೂ ಆಕ್ಷೇಪಿಸಬೇಕಾಗಿಲ್ಲ. ಆ ಕಾಲದ ಅಂಬಾಸಡರಿಗೂ ಫಿಯಟ್ಟಿಗೂ ಗೇರಿನ ಹಿಡಿ ಸ್ಟೀರಿಂಗಿನ ಪಕ್ಕದಲ್ಲಿದ್ದರೆ, ಹೆರಾಲ್ಡಿಗೆ ಅದು ನೆಲದ ಮೇಲೆ, ಎಡಗೈಗೆ ಎಟುಕುವಂತೆ ಇತ್ತು. ಇಪ್ಪತ್ತೈದು ಅಡಿಯ ವರ್ತುಲದಲ್ಲಿ ತಿರುಗಿ ನಿಲ್ಲುವ ಈ ಗಾಡಿಯನ್ನು ಓಣಿಯಲ್ಲಿ ಒಂದೇ ಸುತ್ತಿಗೆ ತಿರುಗಿಸುವುದು ತಂದೆಯವರಿಗೆ ಒಂದು ಹೆಮ್ಮೆಯ ಆಟ.

ಅವರು 1969ರ ಈ ಗಾಡಿಯನ್ನು ಧಾರವಾಡದಲ್ಲಿ 1979ರಲ್ಲಿ, ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡರು. ಆಗ ಅದರ ಹಲಗೆಯ ಮೇಲೆ ಹಳೆಯ ಮೈಸೂರು ರಾಜ್ಯದ 'ಎಂ.ವೈ.' ಅಕ್ಷರಗಳಿದ್ದವು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವೆಂದಾದರೂ ಗಾಡಿ ತನ್ನ ಹಳೆಯ ಹೆಸರನ್ನು ಬಿಟ್ಟಿರಲಿಲ್ಲ. ಹುಟ್ಟಿದ ಹತ್ತು ದಿನಕ್ಕೆ ನಮ್ಮನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದು ಇದೇ ಗಾಡಿ. 1990ರಲ್ಲಿ ನಾಗಪುರಕ್ಕೆ ವರ್ಗವಾದಾಗ ತಂದೆಯವರು ಸೊಲ್ಲಾಪುರ, ನಾಂದೇಡಗಳನ್ನು ಹಾಯ್ದು ಸಂಸಾರವನ್ನೆಲ್ಲ ಇದರಲ್ಲಿಯೇ ತುಂಬಿಕೊಂಡು ಬಂದರು. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಉಳಿದ ಗಾಡಿಗೆ ಅಲ್ಲಿಯ ನಂಬರು ಪಡೆಯಬೇಕೆಂಬುದು ಕಾಯಿದೆ. ಅಂತೆಯೇ ಅದಕ್ಕೆ ಎಂ.ಎಚ್. 31ರ ಹಲಗೆ ಬಂತು. ಹಳೆಯ ಹಲಗೆ ನಡುಮನೆಯ ಗೋಡೆ ಸೇರಿತು. ನಮ್ಮೆಲ್ಲರಂತೆ ಅದೂ ವಲಸೆ ಬಂದು ಹೊಸ ಊರಿನ ಕಾಗದ ಪತ್ರ ಮಾಡಿಸಿಕೊಂಡ ಪ್ರಾಣಿ.

ಹೋದ ವರ್ಷ ಬೇಸಿಗೆಯ ಹೊತ್ತಿಗೆ ಗೇರು ತಪ್ಪತೊಡಗಿತು. ಎರಡನೆಯದರಿಂದ ಮೂರನೆಯದಕ್ಕೆ ಹಾಕಹೋದರೆ ಕೋಲು ಮೊದಲನೆಯದರ ಕಡೆಗೆ ಜಾರಿ ಕಟಕಟ ಎಂದು ಹಲ್ಲು ಕಡಿಯುವುದು. ಹೆರಾಲ್ಡಿನ ಮೊದಲನೆಯ ಗೇರಿಗೆ ಸಿಂಕ್ರೊಮೆಷ್ ಎಂಬ ಹೊಂದಾಣಿಕೆಯ ಏರ್ಪಾಡು ಇಲ್ಲ. ಓಡುವ ಗಾಡಿಯಲ್ಲಿ ಅದನ್ನು ಮುಟ್ಟಿದರೆ ಅದು ಹಾಗೆ ಚೀರುವುದು ಸಹಜ. ಒಂದು ಸಂಜೆ ಲೋಕಮತ್ ಚೌಕದಲ್ಲಿ ಹಸಿರು ದೀಪ ಬಿದ್ದು ಗಾಡಿ ಹೊರಟಿತು. ನಟ್ಟನಡುವೆ ಗೇರು ಸಿಗದೆ ನಿಂತುಬಿಟ್ಟಿತು. ಹಿಂದಿನವರ ಹಾರನ್ನು, ಪಕ್ಕದವರ ನಗೆ. ಒಬ್ಬ ಹುಡುಗ ಸ್ಕೂಟರಿನಿಂದ ಬಾಗಿ, 'ಅಜೋಬಾ, ಇನ್ನು ಮನೆಯಲ್ಲಿ ಕೂತುಕೊಳ್ಳಿ' ಎಂದು ಮರಾಠಿಯಲ್ಲಿ ಹೇಳಿ ಹೋದನಂತೆ.

ತಂದೆಯವರು ಮನೆಗೆ ಬಂದು ಕೀಲಿಕೈಯನ್ನು ಮೊಳೆಗೆ ತೂಗುಹಾಕಿದರು. "ಗಾಡಿಗೆ ಏನಾಗೇದ ಅಪ್ಪಾ?" ಎಂದು ಕೇಳಿದೆವು.

"ಗಾಡಿಗೇನ ಆಗೇದ? ಕುಣೀಲಿಕ್ಕೆ ಬರಲಾರದಾಕಿ ನೆಲ ಡೊಂಕು ಅಂದ್ಲಂತ. ಸೋತದ್ದು ನನ್ನ ಕೈ. ಎಪ್ಪತ್ತೈದ ಆತು, ಇನ್ನೇನ?" ಎಂದರು.

ಮಾತು ಅಲ್ಲಿಗೇ ನಿಂತಿದ್ದರೆ ಚಿಂತೆಯಿರಲಿಲ್ಲ. ಆದರೆ ಸಂಶಯವೆಂಬುದು ಗೆದ್ದಲಿನ ಹಾಗೆ. ಒಂದು ತೊಲೆಗೆ ಹತ್ತಿದ್ದು ಅಲ್ಲಿಯೇ ಉಳಿಯುವುದಿಲ್ಲ. ಕೈ ಸೋತಿದೆಯೆಂದು ತಾವೇ ತೀರ್ಪು ಕೊಟ್ಟುಕೊಂಡ ಮೇಲೆ ಅವರು ಚಹದ ಕೆಟಲನ್ನು ಮುಟ್ಟದಾದರು, ಸೊಸೆಯೇ ಬಸಿದುಕೊಡಬೇಕು. ಬ್ಯಾಂಕಿಗೆ ಹೋಗುವುದನ್ನು ಬಿಟ್ಟರು, ಸಹಿ ಹೊಂದಲಿಕ್ಕಿಲ್ಲವೆಂದು. ಸಂಘದ ಕಾರ್ಯಕ್ರಮಗಳಿಗೂ 'ನೀವ ಹೋಗಿ ಬರ್ರಿ' ಎಂದರು. ಎರಡು ತಿಂಗಳಲ್ಲಿ ಅವರು ಹತ್ತು ವರ್ಷ ಹೆಚ್ಚಿನ ಮುದುಕರಾದರು.

ನಮಗೋ ಈ ತೀರ್ಪು ಒಪ್ಪಿಗೆಯಾಗಲಿಲ್ಲ. ಗುಮಾಸ್ತರಾದವರಿಗೆ ಆಧಾರವಿಲ್ಲದ ಕಾಗದಕ್ಕೆ ಸಹಿ ಬೀಳದೆಂಬುದು ಗೊತ್ತು. ಆಧಾರಗಳೆಲ್ಲ ಎದುರು ಪಕ್ಷದಲ್ಲಿದ್ದವು. ಅದೇ ಕೈ ದಿನವೂ ಬೆಳಿಗ್ಗೆ ದೇವರ ಮುಂದೆ ಹೂಬತ್ತಿ ಹೊಸೆಯುತ್ತಿತ್ತು. ಕನ್ನಡಕ ಏರಿಸಿ ಸೂಜಿಗೆ ದಾರ ಪೋಣಿಸುತ್ತಿತ್ತು. ವೈದ್ಯರ ಪ್ರಮಾಣಪತ್ರ ಲಗತ್ತಿಸಿ ಲೈಸೆನ್ಸನ್ನು ನವೀಕರಿಸಿಕೊಂಡು ಇನ್ನೂ ವರ್ಷವಾಗಿರಲಿಲ್ಲ. ಮೂರನೆಯ ಗೇರಿಗೆ ಮಾತ್ರ ಕೈ ಸೋಲುವುದುಂಟೆ?

ಗಾಡಿಯನ್ನು ಒಂದು ಗ್ಯಾರೇಜಿಗೆ ತೋರಿಸಿದೆವು. ಅವರು ಬಾಗಿಲನ್ನೂ ಪೂರಾ ತೆರೆಯದೆ, ಗೇರುಪೆಟ್ಟಿಗೆ ಮುಗಿದಿದೆ, ಬಿಡಿಭಾಗ ಸಿಗದು, ತೂಕಕ್ಕೆ ಹಾಕಿಬಿಡಿ ಎಂದರು. ಪುಣೆಯ ನಮ್ಮ ತಮ್ಮನೂ ಫೋನಿನಲ್ಲಿ ಅದನ್ನೇ ಅಂದ. ಈ ಬಗೆಯ ಮಾತು ನಮಗೆ ಹೊಸದಲ್ಲ. ಸರಕಾರಿ ಗಾಡಿಗೆ ಹದಿನೈದು ವರ್ಷ ತುಂಬಿತೆಂದರೆ 2023ರ ಏಪ್ರಿಲ್ 1ರಿಂದ ಅದರ ನೋಂದಣಿ ನವೀಕರಣವೇ ಇಲ್ಲ. ಅಂಥ ಜೀಪುಗಳ 'ಕಂಡೆಮ್' ಫೈಲು ನಮ್ಮ ಮೇಜಿನ ಮೇಲೆಯೇ ಹಾಯುತ್ತದೆ. ಫೈಲಿನಲ್ಲಿ ವಯಸ್ಸಿಗೊಂದು ಕಲಮು ಉಂಟು. ಕೆಟ್ಟದ್ದು ಯಾವ ಕೀಲು ಎಂಬುದಕ್ಕೆ ಕಲಮಿಲ್ಲ.

ಕೊನೆಗೆ ಸಹೋದ್ಯೋಗಿಯೊಬ್ಬರ ಮಾತಿನ ಮೇಲೆ ಒಬ್ಬ ವೃದ್ಧ ಮಿಸ್ತ್ರಿಯನ್ನು ಹುಡುಕಿಕೊಂಡು ಹೋದೆವು. ಎಪ್ಪತ್ತರ ಪ್ರಾಯ, ಅಂಗಡಿಯನ್ನು ಮಗನಿಗೆ ಒಪ್ಪಿಸಿದವರು. ಹೆರಾಲ್ಡ್ ಎಂದೊಡನೆ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಬಂದವರು ಇಂಜಿನ್ನನ್ನು ಚಾಲೂ ಮಾಡಲೇ ಇಲ್ಲ. ಸೀಟಿನಲ್ಲಿ ಕೂತು, ಗೇರು ಹಾಕಿ, ಹಿಡಿಯನ್ನು ಎರಡು ಬೆರಳಿನಿಂದ ಎಡಕ್ಕೂ ಬಲಕ್ಕೂ ಆಡಿಸಿದರು. ಗೇರಿನಲ್ಲಿ ಬಿಗಿಯಾಗಿ ಕೂಡಬೇಕಾದ ಹಿಡಿ ಅಂಗೈಯಗಲ ಓಲಾಡುತ್ತಿತ್ತು. ಮೇಲೆ ಕೇಳಿದ ಮೂರೇ ಪ್ರಶ್ನೆಗಳನ್ನು ಇಲ್ಲಿ ಬರೆದಿಡುವುದು ಉಪಯುಕ್ತ. ಹಾಕಿದ ಗೇರು ಓಡುವಾಗ ತಾನಾಗಿಯೇ ಕಳಚಿ ಬೀಳುತ್ತದೆಯೆ? ಕ್ಲಚ್ಚು ಪೂರಾ ಒತ್ತಿದರೂ ಎಲ್ಲ ಗೇರುಗಳೂ ಕಿರುಗುಟ್ಟುತ್ತವೆಯೆ? ಕ್ಲಚ್ಚಿನ ಎಣ್ಣೆ ಇಳಿಯುತ್ತದೆಯೆ? ಮೊದಲನೆಯದಕ್ಕೆ ಹೌದೆಂದರೆ ರೋಗ ಪೆಟ್ಟಿಗೆಯ ಹೊಟ್ಟೆಯಲ್ಲಿದ್ದೀತು. ಉಳಿದೆರಡಕ್ಕೆ ಹೌದೆಂದರೆ ಕ್ಲಚ್ಚಿನಲ್ಲಿ. ಮೂರಕ್ಕೂ ಇಲ್ಲವೆಂದೆವು. "ಹಾಗಾದರೆ ಪೆಟ್ಟಿಗೆ ಗಟ್ಟಿಯಾಗಿದೆ, ಬಾಬೂಜಿ. ಕೈಗೂ ಪೆಟ್ಟಿಗೆಗೂ ನಡುವಿನ ಮಾತು ತಪ್ಪಿದೆ, ಅಷ್ಟೇ" ಎಂದು ಅವರು ಹಿಂದಿಯಲ್ಲಿ ಹೇಳಿದರು.

ಹೆರಾಲ್ಡಿನ ಒಂದು ಸೌಕರ್ಯವೆಂದರೆ ಗೇರುಪೆಟ್ಟಿಗೆಯನ್ನು ಗಾಡಿಯ ಒಳಗಿನಿಂದಲೇ ಮುಟ್ಟಬಹುದು. ಮುಂದಿನ ಸೀಟುಗಳನ್ನು ತೆಗೆದು, ನಡುವಿನ ದಿಬ್ಬದ ಮುಚ್ಚಳವನ್ನು ಬಿಚ್ಚಿದರೆ ಎಲ್ಲವೂ ಕಣ್ಣಿಗೆ ಬೀಳುತ್ತದೆ. ಗೇರಿನ ಕೋಲು ನೇರವಾಗಿ ಪೆಟ್ಟಿಗೆಯೊಳಕ್ಕೆ ಇಳಿದಿರುವುದಿಲ್ಲ. ಪೆಟ್ಟಿಗೆ ಮುಂದಕ್ಕೆ, ಕೋಲು ಹಿಂದಕ್ಕೆ. ಎರಡರ ನಡುವೆ ಒಂದು ಉಕ್ಕಿನ ದಂಡ. ಹಿಡಿಯನ್ನು ಅಡ್ಡ ಸರಿಸಿದರೆ ದಂಡ ತನ್ನಲ್ಲೇ ಹೊರಳಿ ಸಾಲನ್ನು ಆರಿಸುತ್ತದೆ. ಮುಂದೆ ಹಿಂದೆ ಮಾಡಿದರೆ ಜಾರಿ ಗೇರನ್ನು ಕೂಡಿಸುತ್ತದೆ. ಈ ಕೀಲುಗಳಲ್ಲಿ ಉಕ್ಕಿಗೆ ಉಕ್ಕು ತಾಗದಂತೆ ಸಣ್ಣ ನೈಲಾನು, ರಬ್ಬರಿನ ಬುಷ್ಷುಗಳನ್ನು ಕೂಡಿಸಿರುತ್ತಾರೆ. ಅವು ಸವೆದರೆ ಕೈ ಬಲಕ್ಕೆ ಹೋದರೂ ದಂಡ ಪೂರಾ ಹೊರಳದು. ಮೂರನೆಯದನ್ನು ಕೇಳಿದರೆ ಮೊದಲನೆಯದು ಸಿಗುವುದು ಇದರಿಂದ. ಕೀಲಿನ ಮೇಲಿರುವ ಕೋಲಿನ ಭಾಗ ಕೆಳಗಿನದರ ಐದರಷ್ಟು ಉದ್ದವಿದ್ದರೆ, ಕೆಳಗೆ ಒಂದು ಮಿಲಿಮೀಟರು ಸವೆದದ್ದು ಹಿಡಿಯಲ್ಲಿ ಐದು ಮಿಲಿಮೀಟರಾಗಿ ತೋರುತ್ತದೆ. ಮೂರು ನಾಲ್ಕು ಕೀಲುಗಳ ಸವೆತ ಕೂಡಿದರೆ ಅಂಗೈಯಗಲವಾಗುವುದರಲ್ಲಿ ಆಶ್ಚರ್ಯವಿಲ್ಲ.

ಮಿಸ್ತ್ರಿಯವರು ಪಿನ್ನನ್ನು ಹೊರಗೆಳೆದಾಗ ಬುಷ್ಷಿನ ಹೆಸರಿನಲ್ಲಿ ಹೊರಬಂದದ್ದು ಒಂದು ಚಿಟಿಕೆ ಪುಡಿ. ಮೇ ತಿಂಗಳಲ್ಲಿ 45 ಡಿಗ್ರಿ ದಾಟುವ ನಾಗಪುರದ ಬಿಸಿಲಿನಲ್ಲಿ, ಇಂಜಿನ್ನಿನ ಕಾವಿನ ಪಕ್ಕದಲ್ಲಿ, ಪಾಪ, ಅದು ಇನ್ನೆಷ್ಟು ಬಾಳೀತು! ಸ್ಟೂಲು ಹಾಕಿಕೊಂಡು ದೂರ ಕೂತಿದ್ದ ತಂದೆಯವರನ್ನು ಅವರೇ ಕರೆದು ಆ ಪುಡಿಯನ್ನು ಅಂಗೈಗೆ ಹಾಕಿದರು. ತಂದೆಯವರು ಬಹಳ ಹೊತ್ತು ಅದನ್ನು ಬೆರಳಿನಿಂದ ತೀಡಿ ನೋಡಿದರು. ಏನನ್ನೂ ಆಡಲಿಲ್ಲ; ಆದರೆ ಸ್ಟೂಲನ್ನು ಗಾಡಿಯ ಹತ್ತಿರಕ್ಕೆ ಎಳೆದುಕೊಂಡರು.

ತಯಾರಾದ ಬುಷ್ಷು ಸಿಗಲಿಲ್ಲ. ಮಿಸ್ತ್ರಿಯವರು ಪಿನ್ನನ್ನೂ ತೂತನ್ನೂ ಅಳೆದು ಚೀಟಿ ಬರೆದುಕೊಟ್ಟರು. ಲೇತ್ ಯಂತ್ರದವನು ನೈಲಾನು ಸರಳಿನಿಂದ ಬುಷ್ಷುಗಳನ್ನು ಕಡೆದುಕೊಟ್ಟ. ಅಂಡಾಕಾರವಾಗಿ ಸವೆದಿದ್ದ ಪಿನ್ನಿಗೆ ಬದಲು ಹೊಸ ಉಕ್ಕಿನ ಪಿನ್ನಾಯಿತು. ಹಿಡಿ ನಡುಗದಂತೆ ಒತ್ತಿ ಹಿಡಿಯುವ ಸ್ಪ್ರಿಂಗನ್ನು ಬದಲಿಸಿ, ಗ್ರೀಸು ಸವರಿ, ಬೋಲ್ಟುಗಳನ್ನು ಬಿಗಿದರು. ತೀರ ಬಿಗಿ ಮಾಡಿದರೆ ಹಿಡಿ ತಾನಾಗಿ ನಡುವಿಗೆ ಬರುವುದಿಲ್ಲವೆಂದು ಕಾಲು ಸುತ್ತು ಸಡಿಲಿಸಿದರು. ಎರಡು ದಿನದ ಕೆಲಸ. ಮಜೂರಿಯೊಡನೆ ಎರಡು ಸಾವಿರ ರೂಪಾಯಿಯೂ ಆಗಲಿಲ್ಲ.

ಮರುದಿನ ಆದಿತ್ಯವಾರ, ನಸುಕಿನ ಐದೂವರೆ. ತಂದೆಯವರು ಕೀಲಿಕೈಯನ್ನು ತಾವೇ ಮೊಳೆಯಿಂದ ತೆಗೆದುಕೊಂಡರು. ನಾವೆಲ್ಲ ಹಿಂದೆ ಕೂತೆವು. ಅಂಬಾಝರಿ ಕೆರೆಯ ಕಡೆಗೆ ರಸ್ತೆ ಖಾಲಿಯಿತ್ತು. ಮೊದಲನೆಯದು, ಎರಡನೆಯದು. ಆಮೇಲೆ ಅವರ ಎಡಗೈ ಒಂದು ಕ್ಷಣ ಅನುಮಾನಿಸಿತು. ಹಿಡಿ ಮೆಲ್ಲಗೆ ಬಲಕ್ಕೆ ಸರಿದು ಮುಂದೆ ಹೋಗಿ ಕೂತಿತು. ಸದ್ದಿಲ್ಲ. ಕೆರೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿದ ಮೇಲೆಯೇ ಅವರು ಬಾಯಿ ಬಿಟ್ಟದ್ದು: "ಮೂರನೇದು ಸಿಕ್ತು ನೋಡ."

ಅಂದಿನಿಂದ ಮುಪ್ಪು ಓಡಿಹೋಯಿತೆಂದರೆ ಸುಳ್ಳಾದೀತು. ವರ್ಧಾ ರಸ್ತೆಯ ಸಂಜೆಯ ಗದ್ದಲಕ್ಕೆ ತಮ್ಮ ಕಣ್ಣು ಸಾಲದೆಂದು ಅವರೇ ಹೇಳುತ್ತಾರೆ. ಆದಿತ್ಯವಾರದ ನಸುಕಿನಲ್ಲಷ್ಟೇ ನಡೆಸುತ್ತಾರೆ. ಆ ತೀರ್ಮಾನ ಅವರದು, ಸವೆದ ಬುಷ್ಷಿನದಲ್ಲ. ಚಹ ಈಗ ಅವರೇ ಬಸಿದುಕೊಳ್ಳುತ್ತಾರೆ. ಬ್ಯಾಂಕಿನಲ್ಲಿ ಸಹಿ ಹೊಂದಿತು. ಸೊಸೆಗೆ ಗಾಡಿ ಕಲಿಸುವ ಹೊಸ ಕೆಲಸವನ್ನೂ ಹಚ್ಚಿಕೊಂಡಿದ್ದಾರೆ: "ಅವಸರ ಮಾಡಬ್ಯಾಡವಾ, ಅದರ ಹಾದಿ ಅದಕ್ಕ ಗೊತ್ತದ." ಮರಾಠಿಯಲ್ಲಿ ಮಾತಿಗೊಮ್ಮೆ ಜಾರುವ ನಮ್ಮ ಮಗಳು ಹಿಂದಿನ ಸೀಟಿನಿಂದ ಒಂದು, ಎರಡು, ಮೂರು ಎಂದು ಗೇರುಗಳನ್ನು ಕನ್ನಡದಲ್ಲಿ ಎಣಿಸುತ್ತಾಳೆ.

ಊರು ಬಿಟ್ಟು ಬಂದ ನಮ್ಮ ಸಂಸಾರಗಳಲ್ಲಿ ಹಿರಿಯರು ತಮ್ಮ ಕಷ್ಟವನ್ನು ನೆರೆಯವರಲ್ಲಿ ಹೇಳಿಕೊಳ್ಳಲಾರರು. ಮಕ್ಕಳಿಗೆ ಭಾರವಾಗಬಾರದೆಂದು ಎಲ್ಲವನ್ನೂ ವಯಸ್ಸಿನ ಖಾತೆಗೆ ಬರೆದುಬಿಡುತ್ತಾರೆ. 'ನನ್ನಿಂದ ಇನ್ನಾಗದು' ಎಂದು ಅವರು ಅಂದಾಗ, ಒಪ್ಪಿಗೆಯ ತಲೆ ಹಾಕುವ ಮುನ್ನ ಒಮ್ಮೆ ನೆಲವನ್ನು ನೋಡುವುದು ಲೇಸು. ಓದಲಾಗದೆಂದರೆ ಕೋಣೆಯ ದೀಪ ಮಂದವಾಗಿರಬಹುದು, ಕನ್ನಡಕದ ನಂಬರು ಹಳೆಯದಾಗಿರಬಹುದು. ಸ್ನಾನಕ್ಕೆ ಅಂಜುತ್ತಾರೆಂದರೆ ಬಚ್ಚಲ ಕಲ್ಲು ಜಾರುತ್ತಿರಬಹುದು. ಎಲ್ಲವೂ ಬುಷ್ಷು ಬದಲಿಸಿ ಸರಿಯಾಗುವುವಲ್ಲ, ನಿಜ. ಆದರೆ ಮುಚ್ಚಳ ಬಿಚ್ಚಿ ನೋಡದೆ ತೂಕಕ್ಕೆ ಹಾಕುವುದು ನ್ಯಾಯವಲ್ಲ.

ಮಿಸ್ತ್ರಿಯವರ ಸಲಹೆಯಂತೆ ಬುಷ್ಷುಗಳನ್ನು ಎರಡು ಜೊತೆ ಕಡೆಸಿದ್ದೇವೆ. ಒಂದು ಜೊತೆ ಅಳತೆಯ ಚೀಟಿಯೊಡನೆ ಗಾಡಿಯಲ್ಲಿಯೇ ಇದೆ. ಸಂಘದ ಬಂಧುಗಳಲ್ಲಿ ಯಾರ ಮನೆಯಲ್ಲಾದರೂ ಇನ್ನೊಂದು ಹೆರಾಲ್ಡ್ ಉಳಿದಿದ್ದರೆ ಆ ಚೀಟಿಯ ನಕಲನ್ನು ಸಂತೋಷದಿಂದ ಕೊಡುತ್ತೇವೆ.